ರಾಮಲಕ್ಷ್ಮಮ್ಮನ ಹುಳುಮನೆಗೆ ದಯಮಾಡಿಸಿದ ದೊರೆಗಳಿಗೆ

ಸಪ್ತಸಾಗರಗಳನ್ನು ದಾಟಿ ಕೋಲಾರದ ಪ್ರವಾಸಿ ಮಂದಿರದವರೆಗೆ ಬಿಜಯಂಗೈದ, ಹಿಂದುಳಿದ ದೇಶಗಳನ್ನು ಮುಂದಕ್ಕೆ ತಳ್ಳುವ ಸಾಲಸಂಸ್ಥೆಯ ರೇಷ್ಮೆ ಪರಿಶೀಲನಾ ನಿಯೋಗದ ಮುಖ್ಯಸ್ಥರ ದಿವ್ಯ ಸಮ್ಮುಖಕ್ಕೆ,

ಮಾನ್ಯರೇ,

ಹುತ್ತೂರು ಹೋಬಳಿಯ ಒಂದು ಮೂಲೆಯಲ್ಲಿ ಹಿಪ್ಪುನೇರಳೆ ಬೆಳೆದುಕೊಂಡಿರುವ ಮುನಿಯಲ್ಲಪ್ಪನಾದ ನಾನು ತಮಗೂ, ತಮ್ಮ ಜೀಪಿಗೂ, ತಮ್ಮ ತುಟಿಯನ್ನು ಎಂದೂ ಅಗಲದ ಹೊಗೆಪೈಪಿಗೂ ಬೇರೆಬೇರೆಯಾಗಿ ನಮಸ್ಕರಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ಇಲ್ಲಿ ನಾವೆಲ್ಲರೂ ಕ್ಷೇಮ, ಹುಳುಗಳು ಮಾತ್ರ ಕ್ಷೇಮವಿಲ್ಲ.

ಮೊದಲಿಗೆ ತಮ್ಮ ಔದಾರ್ಯವನ್ನು ಹೊಗಳದೆ ಮುಂದುವರಿದರೆ ನನ್ನ ನಾಲಿಗೆಗೆ ಹುಳು ಬಿದ್ದೀತು. ನಮಗೆ ಸಾಲ ಕೊಟ್ಟವರು ತಾವು; ಆ ಸಾಲದಲ್ಲಿ ಬಂದ ಜೀಪು ತಮ್ಮ ದೇಶದ್ದು, ಜೀಪಿನೊಳಗಿನ ತಜ್ಞರು ತಮ್ಮ ದೇಶದವರು, ತಜ್ಞರ ಕೈಯಲ್ಲಿದ್ದ ಉಷ್ಣಮಾಪಕವೂ ತಮ್ಮ ದೇಶದ್ದೇ; ಬಡ್ಡಿಯೊಂದನ್ನು ಮಾತ್ರ ಅಪ್ಪಟ ಸ್ವದೇಶಿ ಸರಕಾಗಿ ನಾವೇ ತಯಾರಿಸಿ ರಫ್ತು ಮಾಡಲೆಂದು ಬಿಟ್ಟುಕೊಟ್ಟಿರಲ್ಲ, ಸ್ವಾವಲಂಬನೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾರು ಕಲಿಸಿಯಾರು! ನಮ್ಮ ಹಳದಿಗೂಡಿನ ನಾಟಿ ಹುಳು ನಾಡಿಗೆ ಅವಮಾನವೆಂದು ತಿಳಿಸಿ, ಬಿಳಿಗೂಡು ಕಟ್ಟುವ ಪರದೇಶದ ತಳಿಯನ್ನು ಸಾಲದ ಷರತ್ತಾಗಿಯೇ ಕಳಿಸಿಕೊಟ್ಟಿರಿ. ಅದಕ್ಕೆ ತಂಪು ಬೇಕೆಂದು ನನ್ನ ಅತ್ತಿಗೆ ರಾಮಲಕ್ಷ್ಮಮ್ಮ ಮನೆಯ ಒಳಕೋಣೆಯನ್ನೇ ಬಿಟ್ಟುಕೊಟ್ಟು, ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ತಾನು ಒಲೆಯ ಪಕ್ಕ ಮಲಗಿದಳು. ಬೀಡಿ ಸೇದುವ ನಮ್ಮಣ್ಣ ದೊಡ್ಡವೆಂಕಟಪ್ಪನಂತೂ ಹುಳು ಗೂಡು ಕಟ್ಟುವವರೆಗೆ ಜಗುಲಿ ದಾಟಿ ಒಳಗೆ ಬರುವಂತಿಲ್ಲ, ಏಕೆಂದರೆ ಹೊಗೆಸೊಪ್ಪು ಸೋಕಿದ ಬೆರಳು ತಾಕಿದರೆ ಸಾಕು, ಹುಳು ಕಕ್ಕಿಕೊಂಡು ಸಾಯುತ್ತದೆ.

ಹೀಗಿರುವಾಗ ಕಳೆದ ಆಷಾಢದಲ್ಲಿ, ಹುಳು ನಾಲ್ಕನೆಯ ಜ್ವರದಲ್ಲಿದ್ದಾಗ, ಅಂದರೆ ಮೇವು ಬಿಟ್ಟು, ತಲೆಯೆತ್ತಿ, ಹಳೆಯ ಚರ್ಮ ಕಳಚುವ ನಾಜೂಕಿನ ಹೊತ್ತಿನಲ್ಲಿ, ತಾವು ಜೀಪಿನಿಂದ ಇಳಿದಿರಿ. ಅತ್ತಿಗೆ ಬಾಗಿಲಿಗೆ ಬೇವಿನ ಕೊಂಬೆ ಕಟ್ಟಿದ್ದಳು. ನಮ್ಮ ಕಡೆ ಅದರ ಅರ್ಥ, ಸ್ವಂತ ಅಳಿಯನೇ ಬಂದರೂ ಅಲ್ಲೇ ನಿಲ್ಲಲಿ ಎಂದು. ತಾವೋ ಅದನ್ನು ತಮಗಾಗಿ ಕಟ್ಟಿದ ತೋರಣವೆಂದು ಭಾವಿಸಿ, ಒಂದು ಕುಡಿ ಮುರಿದು ಕೋಟಿನ ಗುಂಡಿಗೆ ಸಿಕ್ಕಿಸಿಕೊಂಡು ನಕ್ಕಿರಿ.

"ಬ್ಯಾಡ ಕಣಪ್ಪಾ, ಹುಳ ಜ್ವರದಾಗವೆ, ಒಳಕ್ಕೆ ಬಿಡಾಕಿಲ್ಲ" ಎಂದು ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು. ತಮ್ಮ ಜೊತೆ ಬಂದಿದ್ದ ನಮ್ಮ ಸರ್ಕಾರದ ಅಧಿಕಾರಿಗಳು ಹಲ್ಲು ಕಚ್ಚಿ, "ಸುಮ್ಕಿರಮ್ಮಾ, ಸಾಲ ಕೊಟ್ಟೋರು ಬಾಗ್ಲಿಗೇ ಬಂದವ್ರೆ, ದೇಶದ ಮರ್ವಾದೆ ನಿನ್ ಕೈಯಾಗೈತೆ" ಎಂದರು.

"ಮರ್ವಾದೆ ಜಗುಲಿ ಮ್ಯಾಲೆ ಕುಂತ್ಕೊಳ್ಳಲಿ ಸ್ವಾಮಿ, ಮಜ್ಜಿಗೆ ಕೊಡ್ತೀನಿ. ಹುಳದ ತಾವ ಮಾತ್ರ ಬ್ಯಾಡ!"

ಈ ಮಾತನ್ನು ಅಧಿಕಾರಿಗಳು ದೊರೆಗಳ ಭಾಷೆಗೆ ತಿರುಗಿಸಿದಾಗ ಅದು 'ತಮ್ಮ ಪಾದಧೂಳಿಯಿಂದ ಈ ಮನೆ ಪಾವನವಾಯಿತು' ಎಂದಾಯಿತಂತೆ. ತಾವು ಪೈಪಿನ ಸಮೇತ ಒಳಹೊಕ್ಕು, ಪೈಪು ತುಂಬಿದ ಅದೇ ಬೆರಳುಗಳಿಂದ ತಟ್ಟೆ ತಟ್ಟೆಯ ಹುಳುವನ್ನೂ ಎತ್ತಿ, ಒತ್ತಿ, ಫೋಟೋ ತೆಗೆಸಿಕೊಂಡು ಹೊರಟಿರಿ. ಮರುದಿನ ಬೆಳಗಾಗುವಷ್ಟರಲ್ಲಿ ಹುಳುಗಳು ಹಸಿರು ನೀರು ಕಾರಿ, ತಟ್ಟೆಯ ಅಂಚಿಗೆ ಜೋತುಬಿದ್ದಿದ್ದವು. ಗೂಡು ಕೊಳ್ಳಲು ಕೋಲಾರದಿಂದ ಬಂದ ನೂಲು ತೆಗೆಯುವ ಲತೀಫ್ ಸಾಬರು ಬರಿದಾದ ತಟ್ಟೆ ನೋಡಿ, "ಏನಕ್ಕಾ, ಈ ಸಲ ಗೂಡಿನ ಬದ್ಲಿ ಅವ್ರ ಫೋಟೋ ಕೊಡ್ತೀಯಾ? ನಮ್ ಚರಕಕ್ಕೆ ಹಾಕಿದ್ರೆ ನೂಲು ಬರಲ್ಲ ನೋಡು" ಎಂದರು. ಅತ್ತಿಗೆ ನಗಲಿಲ್ಲ.

ಈಗ ತಮ್ಮ ವರದಿ ಬಂದಿದೆ. ಪಂಚಾಯಿತಿ ಕಟ್ಟೆಯ ಮೇಲೆ ಅಧಿಕಾರಿಗಳೇ ಅದನ್ನು ಓದಿ ಅರ್ಥ ಹೇಳಿದರು. ಮೊದಲ ಪುಟದಲ್ಲೇ ಬೇವಿನ ಕುಡಿ ಮುಡಿದ ತಮ್ಮ ಚಿತ್ರ, ಕೆಳಗೆ 'ಗ್ರಾಮಸ್ಥರ ಸಾಂಪ್ರದಾಯಿಕ ಸ್ವಾಗತ' ಎಂಬ ಒಕ್ಕಣೆ. ಬೆಳೆ ಹೋದದ್ದಕ್ಕೆ ಕಾರಣ ಸಾಕಣೆ ಮಾಡುವ ಹೆಂಗಸರಿಗೆ ಶುಚಿತ್ವದ ಅರಿವಿಲ್ಲದಿರುವುದಂತೆ. ಅರಿವು ಮೂಡಿಸಲು ಇನ್ನೊಂದು ಸಾಲವಂತೆ. ಸಾಲಕ್ಕೆ ಮುಂಚೆ ಇನ್ನೊಂದು ಪರಿಶೀಲನೆಯಂತೆ. ಅದು ಬರುವ ಗುರುವಾರವಂತೆ, ಅದೇ ಮನೆಯಲ್ಲಂತೆ! ಆಹಾ, ಮುಹೂರ್ತವೆಂದರೆ ಇದು. ಅತ್ತಿಗೆಯ ಎರಡನೆಯ ಬೆಳೆ ಸರಿಯಾಗಿ ಅಂದೇ ನಾಲ್ಕನೆಯ ಜ್ವರಕ್ಕೆ ಕೂರುತ್ತದೆ. ಇದೂ ಹೋದರೆ ತೋಟದ ಹಿಪ್ಪುನೇರಳೆ ಕಡ್ಡಿಯನ್ನೆಲ್ಲ ಬುಡಸಮೇತ ಕಿತ್ತುಹಾಕುತ್ತೇನೆಂದು ಅವಳು ಹೇಳಿದ್ದಾಳೆ, ಅವಳು ಹೇಳಿದ್ದನ್ನು ಮಾಡದೆ ಬಿಟ್ಟದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ಮಹಾಸ್ವಾಮಿ, ನಮ್ಮ ಅಭಿವೃದ್ಧಿಯನ್ನು ತಾವು ವಿಮಾನದಲ್ಲೇ ಕುಳಿತು ಮೋಡದ ಮೇಲಿನಿಂದ ಪರಿಶೀಲಿಸಬೇಕು. ಇಳಿಯಲೇಬೇಕೆಂಬ ಹಟವಿದ್ದರೆ, ರಾಷ್ಟ್ರ ರಾಷ್ಟ್ರಗಳ ನಡುವೆ ಸಮಾನ ಗೌರವವಿರಲೆಂದು, ಮೊದಲು ನಮ್ಮ ದೊಡ್ಡವೆಂಕಟಪ್ಪನನ್ನು ತಮ್ಮ ಸಂಸ್ಥೆಗೆ ಕರೆಸಿಕೊಂಡು, ಹೊತ್ತಿದ ಬೀಡಿಯೊಡನೆ ಖಜಾನೆಯೊಳಗೆ ಬಿಟ್ಟು, ನೋಟಿನ ಕಂತೆಗಳನ್ನು ಒಂದೊಂದಾಗಿ ಎತ್ತಿ ನೋಡಲು ಅಪ್ಪಣೆ ಕೊಡಬೇಕು. ಕಿಡಿ ಹಾರಿ ಏನಾದರೂ ಹೆಚ್ಚುಕಡಿಮೆಯಾದರೆ ತಮ್ಮ ಗುಮಾಸ್ತರಿಗೆ ಶುಚಿತ್ವದ ಅರಿವಿಲ್ಲವೆಂದು ಅವನು ಅಚ್ಚುಕಟ್ಟಾಗಿ ವರದಿ ಬರೆಸಿ ಕಳಿಸುತ್ತಾನೆ. ಇವೆರಡೂ ಆಗದಿದ್ದರೆ, ಗುರುವಾರ ಅತ್ತಿಗೆ ಒಳಗಿನಿಂದ ಅಗುಳಿ ಹಾಕಿಕೊಳ್ಳುತ್ತಾಳೆ, ನಾವೆಲ್ಲ ಜಗುಲಿಯ ಮೇಲೆ ಒತ್ತೊತ್ತಾಗಿ ಕೂರುತ್ತೇವೆ. ಈ ಸಲ ತರ್ಜುಮೆಯ ತೊಂದರೆ ಯಾರಿಗೂ ಇರುವುದಿಲ್ಲ.

ಮುಚ್ಚಿದ ಬಾಗಿಲಿನ ಮುಂದೆ ಕೈಮುಗಿದು ಕುಳಿತಿರುವ,
ತಮ್ಮ ವಿಶ್ವಾಸಿ,
ಮುನಿಯಲ್ಲಪ್ಪ

ಮರೆತ ಮಾತು: ತಮ್ಮ ನೆರವಿನಿಂದ ಇಲ್ಲಿ ಏನೂ ಬೆಳೆಯಲಿಲ್ಲವೆಂದರೆ ನಾಲಿಗೆ ಸುಟ್ಟೀತು. ಸತ್ತ ಹುಳುವನ್ನೆಲ್ಲ ಸುರಿದ ತಿಪ್ಪೆಯಲ್ಲಿ ತಾನಾಗಿಯೇ ಒಂದು ಬೂದುಗುಂಬಳದ ಬಳ್ಳಿ ಹುಟ್ಟಿ, ಇಬ್ಬರು ಹಿಡಿದೆತ್ತುವಂಥ ಕಾಯಿ ಬಿಟ್ಟಿದೆ. ಅಭಿವೃದ್ಧಿಯ ಲೆಕ್ಕಕ್ಕೆ ಅದನ್ನು ಧಾರಾಳವಾಗಿ ಬರೆದುಕೊಳ್ಳಿ, ಆದರೆ ಕೇಳಬೇಡಿ. ತಮ್ಮ ಜೀಪು ಊರು ದಾಟಿದ ಕೂಡಲೇ ಹುಳುಮನೆಗೆ ದೃಷ್ಟಿ ತೆಗೆದು ಒಡೆಯಲು ಅತ್ತಿಗೆ ಅದನ್ನು ಎತ್ತಿಟ್ಟಿದ್ದಾಳೆ.