ಸೂರ್ಯನ ಗದ್ದಲ, ಕೆಳಮನೆ ಚಟ್ನಿ

ನಮ್ಮ ಕೆಲಸದಲ್ಲಿ ನಗೆಪಾಟಲಾಗೋಕೆ ಮುಹೂರ್ತ ನೋಡಬೇಕಿಲ್ಲ, ವಾರಕ್ಕೊಂದು ಸಲ ಅದಾಗೇ ಆಗುತ್ತೆ. ಉಪಗ್ರಹ ನೋಡಿಕೊಳ್ಳೋ ಸಣ್ಣ ಕಂಪನಿಯೊಂದಕ್ಕೆ ಸೂರ್ಯನನ್ನು ಕಾಯೋನು ನಾನು. ಸೂರ್ಯ ಕೆರಳಿದರೆ ಮೊದಲು ರೇಡಿಯೋದಲ್ಲಿ ಗದ್ದಲ ಕೇಳುತ್ತೆ, ಆಮೇಲೆ ಕಣಗಳ ಹೊಡೆತ ಬರುತ್ತೆ. ಆ ನಡುವೆ ನಾನು ಫೋನ್ ಮಾಡಿದರೆ ಉಪಗ್ರಹದ ಕ್ಯಾಮೆರಾ ಆರಿಸಿ ಉಳಿಸಿಕೊಳ್ಳುತ್ತಾರೆ. ಹೂಟಗಳ್ಳಿಯಲ್ಲಿ ನನ್ನ ಬಾಡಿಗೆ ಮಹಡಿ ಮೇಲೆ ಆಂಟೆನಾ, ಕೆಳಮನೆಯಲ್ಲಿ ಓನರಮ್ಮ.

೧. ಸಂಡಿಗೆ

ಬಂದ ವಾರವೇ ಓನರಮ್ಮ, ನಾಳೆ ಸಂಡಿಗೆ ಇಡಲಾ ಅಂತ ಕೇಳಿದರು. ಮೋಡದ ವಿಚಾರ ನನಗೆ ಗೊತ್ತಾಗಲ್ಲ, ಸೂರ್ಯನದು ಮಾತ್ರ ಅಂದೆ. ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಸೂರ್ಯ ಗೊತ್ತು, ಬಿಸಿಲು ಗೊತ್ತಿಲ್ಲ ಅಂದ್ರೆ ಅದ್ಯಾವ ಸೀಮೆ ಕೆಲಸನಪ್ಪ ನಿಂದು?"

೨. ಸುಳ್ಳು ಗದ್ದಲ

ಒಂದು ಬೆಳಿಗ್ಗೆ ರೇಡಿಯೋ ಕಿರುಚಿಕೊಂಡಿತು. ಸೂರ್ಯ ಕೆರಳಿಬುಟ್ಟ ಅಂತ ಫೋನ್ ಮಾಡಿದೆ. ಇಡೀ ದಿನ ಕ್ಯಾಮೆರಾ ಆರಿಸಿಟ್ಟರು. ಬೇರೆ ಊರಿನ ಕೇಂದ್ರಗಳಲ್ಲಿ ಮಾತ್ರ ಸೂರ್ಯ ಹಸುವಿನಷ್ಟು ಸಾಧುವಾಗಿದ್ದ. ಇನ್ನೊಂದು ಸಲ ಹೀಗಾದರೆ ಬೇರೆ ಕೆಲಸ ಹುಡುಕಿಕೊಳ್ಳಿ ಅಂದರು ಸಾಹೇಬರು. ನಾನಿನ್ನೂ ಖಾಯಂ ಆಗಿರಲಿಲ್ಲ. ಹುಡುಕಿ ನೋಡಿದರೆ ಗದ್ದಲ ಓನರಮ್ಮನ ಹಳೇ ಮಿಕ್ಸಿಯದು. ಆ ಮಿಕ್ಸಿ ಅವರ ಮದುವೆಯಲ್ಲಿ ಬಂದದ್ದು, ಬದಲಾಯಿಸಿ ಅನ್ನೋ ಧೈರ್ಯ ನನಗಿರಲಿಲ್ಲ.

ಅವತ್ತಿನಿಂದ ನನ್ನ ದಾಖಲೆಯಲ್ಲಿ 'ಚಟ್ನಿ' ಅಂತ ಒಂದು ಕಾಲಂ ಸೇರಿತು. ಎಂಟೂವರೆಗೆ ಗದ್ದಲ, ಎಂಟೂಮುಕ್ಕಾಲಿಗೆ ನನ್ನ ಪಾಲಿನ ಇಡ್ಲಿ ತಟ್ಟೆ ಮಹಡಿಗೆ ಬರ್ತಿತ್ತು. ಆ ತಾಯಿ ಒಂದು ದಿನವೂ ತಪ್ಪಿಸಿರಲಿಲ್ಲ.

೩. ತಟ್ಟೆ ಬರದ ದಿನ

ಆಮೇಲೊಂದು ದಿನ ಎಂಟೂವರೆಗೆ ಗದ್ದಲ. 'ಚಟ್ನಿ' ಅಂತ ಬರೆದು ಕಾಫಿ ಕುಡೀತಾ ಕೂತೆ. ಒಂಬತ್ತಾದರೂ ತಟ್ಟೆ ಇಲ್ಲ. ಹೊಟ್ಟೆ ಕೇಳಬೇಕಲ್ಲ, ನಾಚಿಕೆ ಬಿಟ್ಟು ಕೆಳಗಿಳಿದೆ. ಓನರಮ್ಮ ಹೂ ಕಟ್ಟುತ್ತಾ ಕೂತಿದ್ದರು.

"ಇವತ್ತು ಸಂಕಷ್ಟಿ ಕಣಪ್ಪ. ಒಲೇನೇ ಹಚ್ಚಿಲ್ಲ. ಬಾಳೆಹಣ್ಣು ತಗೋ."

ಒಲೆ ಹಚ್ಚಿಲ್ಲ ಅಂದರೆ ಚಟ್ನಿ ಇಲ್ಲ, ಮಿಕ್ಸಿ ಇಲ್ಲ. ಹಾಗಾದರೆ ಆ ಗದ್ದಲ? ಬಾಳೆಹಣ್ಣು ಕೈಲಿ ಹಿಡಿದೇ ಮೆಟ್ಟಿಲು ಹಾರಿ ಫೋನ್ ಮಾಡಿದೆ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕ್ಯಾಮೆರಾ ಸುಡುತ್ತಿತ್ತಂತೆ. ನನ್ನ ಕೆಲಸವೂ ಹೋಗ್ತಿತ್ತು.

ಸಂಜೆ ಸಾಹೇಬರು, ಈ ಸಲ ಅಷ್ಟು ಖಚಿತವಾಗಿ ಹೇಗೆ ಹೇಳಿದಿರಿ ಅಂತ ಕೇಳಿದರು. ಓನರಮ್ಮ ಉಪವಾಸ ಇದ್ದರು ಸಾರ್ ಅಂದೆ. ವರದಿಯಲ್ಲಿ ಇದನ್ನ ಬರೀಬೇಡಿ ಅಂದರು.

ಖಾಯಂ ಆದೇಶ ಬಂದ ದಿನ ಹಣ್ಣು, ಹೂವು, ಮೈಸೂರು ಪಾಕು ತಗೊಂಡು ಹೋಗಿ ಓನರಮ್ಮನ ಕಾಲಿಗೆ ಬಿದ್ದೆ. ನನ್ನ ಅನ್ನ ಉಳಿಸಿದವರು ನೀವೇ ಅಂತ ನಡೆದದ್ದನ್ನೆಲ್ಲ ಹೇಳಿದೆ. ಕಣ್ಣಲ್ಲಿ ನೀರೂ ಬಂತು. ಅವರಿಗೋ ಪೂರಾ ಸಂಕೋಚ.

"ಏಳಪ್ಪ ಮೇಲೆ, ನಾನೇನು ಮಾಡ್ದೆ? ಅವತ್ತು ಒಂದು ಚಟ್ನಿ ಕೂಡ ಮಾಡ್ಲಿಲ್ವಲ್ಲ!"