ಸುಂಕವಿಲ್ಲದೆ ಬಂದ ಬೆಲ್ಲದ ಯಂತ್ರ

ನಾನು ಕೆ.ಆರ್.ಪೇಟೆ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಖರೀದಿ ವಿಭಾಗದ ಗುಮಾಸ್ತ. ವಿದೇಶದಿಂದ ಯಂತ್ರ ತರಿಸುವುದು, ಸಂಶೋಧನೆಗೆಂದು ಅದಕ್ಕೆ ಸುಂಕದ ವಿನಾಯಿತಿ ಪಡೆಯುವುದು ನನ್ನ ಕೆಲಸ. ಕೇಳುವುದಕ್ಕೆ ಒಣ ಕೆಲಸ. ಆದರೆ ನಮ್ಮ ಸೀಮೆಯಲ್ಲಿ ಯಾವ ಕಾಗದವೂ ಒಂದು ಮೇಜಿನಿಂದ ಇನ್ನೊಂದಕ್ಕೆ ನೆಟ್ಟಗೆ ಹೋದದ್ದಿಲ್ಲ. ನಡುವೆ ಯಾರಾದರೂ ಊಟಕ್ಕೆ ಕರೆದೇ ಕರೆಯುತ್ತಾರೆ.

ನಮ್ಮ ವಿಜ್ಞಾನಿ ಮೇಡಂ ಒಬ್ಬರಿಗೆ ಬೆಲ್ಲದಲ್ಲಿ ಏನೇನು ಬೆರೆತಿದೆ ಎಂದು ಹೇಳುವ ಯಂತ್ರ ಬೇಕಿತ್ತು. ಮೂರು ವರ್ಷ ಅರ್ಜಿ ಬರೆದು ಬರೆದು ಮಂಜೂರು ಮಾಡಿಸಿಕೊಂಡಿದ್ದರು. ಅವರ ಪಾಡು ನೋಡಿ ನನಗೇ ಅಯ್ಯೋ ಅನ್ನಿಸುತ್ತಿತ್ತು.

೧. ಸಹಿ

ಯಂತ್ರ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಂದಿಳಿದ ದಿನವೇ, ಇದು ಸಂಶೋಧನೆಗೆ ಮಾತ್ರ ಎಂಬ ಪತ್ರಕ್ಕೆ ನಿರ್ದೇಶಕರ ಸಹಿ ಬೇಕಾಯಿತು. ಅವರು ಪಾಂಡವಪುರದ ಹತ್ತಿರ ಬೀಗರ ಊಟದಲ್ಲಿದ್ದರು. ಓಡಿದೆ. ಪತ್ರ ಚಾಚುವಷ್ಟರಲ್ಲಿ ಮನೆಯ ಯಜಮಾನರು ನನ್ನ ರಟ್ಟೆ ಹಿಡಿದು ಎಲೆಯ ಮುಂದೆ ಕೂರಿಸಿದರು.

"ಮೊದ್ಲು ಉಣ್ಣಿ ಸಾ. ಕಾಗ್ದ ಎಲ್ಲಿಗೂ ಓಡೋಗಾಕಿಲ್ಲ."

ಓಡಲಿಲ್ಲ ನಿಜ, ಎಲೆಯಲ್ಲಿದ್ದ ಬಾಡಿನ ಸಾರಿಗೆ ಬಿತ್ತು. ಒರೆಸಿ, ಸಹಿ ಹಾಕಿಸಿಕೊಂಡು ಬಂದೆ.

ಮಾರನೆಯ ದಿನ ಬೆಂಗಳೂರಿನಲ್ಲಿ ಸುಂಕದ ಅಧಿಕಾರಿ ಪತ್ರವನ್ನು ಬೆಳಕಿಗೆ ಹಿಡಿದರು. ಸಹಿಯ ಪಕ್ಕದ ಕಲೆ ನೋಡಿದರು, ಮೂಸಿದರು.

"ಯಾವೂರ್ರೀ?"

"ಮಂಡ್ಯದ ಕಡೆ ಸಾರ್."

"ನಮ್ದೂ ಅಲ್ಲೇ ಕಣ್ರೀ," ಎಂದು ಮುದ್ರೆ ಒತ್ತುತ್ತ ದನಿ ತಗ್ಗಿಸಿದರು. "ಮರೀನಾ, ಕೋಳೀನಾ?"

೨. ರಸ್ತೆ

ಪೆಟ್ಟಿಗೆಯ ಮೇಲೊಂದು ಚೀಟಿ ಅಂಟಿಸಿದ್ದರು. ಪೆಟ್ಟಿಗೆ ವಾಲಿದರೆ ಅದು ಕೆಂಪಾಗುತ್ತದೆ. ಕೆಂಪಾದರೆ ಕಂಪನಿಯ ಗ್ಯಾರಂಟಿ ಇಲ್ಲ. ಮೇಡಂ ಹತ್ತು ನಿಮಿಷಕ್ಕೊಮ್ಮೆ ಲಾರಿ ಡ್ರೈವರಿಗೆ ಫೋನು ಮಾಡುತ್ತಿದ್ದರು. ಪಾಪ, ಅವನು ಎತ್ತಿನಗಾಡಿಯ ವೇಗದಲ್ಲೇ ಬರುತ್ತಿದ್ದ. ನಾಗಮಂಗಲ ದಾಟಿದ ಮೇಲೆ ಅವನ ತಾಳ್ಮೆಯೂ ತಪ್ಪಿತು.

"ವಾಲಬ್ಯಾಡ ವಾಲಬ್ಯಾಡ ಅಂತ ನಂಗೇಳ್ತೀರಲ್ಲವ್ವಾ, ರಸ್ತೆಗೇಳಿದ್ದೀರಾ?"

೩. ತಪಾಸಣೆ

ಆರು ತಿಂಗಳ ಮೇಲೆ ಸುಂಕದ ಇಲಾಖೆಯ ಇನ್ನೊಬ್ಬ ಅಧಿಕಾರಿ ತಪಾಸಣೆಗೆ ಬಂದರು. ಯಂತ್ರವನ್ನು ವ್ಯಾಪಾರಕ್ಕೆ ಬಳಸುತ್ತಿದ್ದಾರೆ ಎಂದು ಅವರು ಬರೆದರೆ ಮುಗಿಯಿತು. ವಿನಾಯಿತಿ ಹೋಗಿ, ಯಂತ್ರಕ್ಕೆ ಬೀಗ ಬಿದ್ದು, ಮೇಡಂ ಸಂಶೋಧನೆ ಮೂಲೆ ಸೇರುತ್ತದೆ. ಅವತ್ತೇ ಲ್ಯಾಬಿನಲ್ಲಿ ಎರಡು ಬಾಳೆಗೊನೆ, ತೆಂಗಿನಕಾಯಿಯ ರಾಶಿ! ಮೇಡಂ ರೈತರನ್ನು ಕೇಳಿದ್ದು ಬೆಲ್ಲದ ಮಾದರಿ ಮಾತ್ರ. ಆದರೆ ನಮ್ಮ ಜನ ಬರಿಗೈಲಿ ಎಲ್ಲಿಗೂ ಹೋಗುವವರಲ್ಲ.

"ಟೆಸ್ಟಿಗೆ ರೈತರ ಹತ್ತಿರ ಏನು ತಗೋತೀರಿ?" ಗೊನೆಯನ್ನೇ ನೋಡುತ್ತ ಅಧಿಕಾರಿ ಕೇಳಿದರು.

ಬೆಲ್ಲ ತಂದು ಬಾಗಿಲಲ್ಲಿ ನಿಂತಿದ್ದ ಆಲೆಮನೆಯ ಮುದುಕ ಒಳಗೇ ಬಂದ.

"ತಗಳದಾ? ನನ್ನ ಬೆಲ್ಲಕ್ಕೆ ಬಣ್ಣದ ಔಸ್ತಿ ಸೇರ್ಕಂಡದೆ ಅಂತ ಓದ್ ತಿಂಗ್ಳು ಏಳ್ಬುಡ್ತು ಈ ಮಿಷಿನ್ನು. ಕಾಸು ಕೊಟ್ಟು ಮಾನ ಕಳ್ಕಳಾಕೆ ನಮಗೇನು ತಲೆ ಕೆಟ್ಟದಾ ಸ್ವಾಮಿ?"

ಅಧಿಕಾರಿಯ ಮುಖ ಸಡಿಲವಾಯಿತು. ತಮ್ಮ ಚೀಲದಿಂದ ಒಂದು ಅಚ್ಚು ಬೆಲ್ಲ ತೆಗೆದರು. "ಪಾಂಡವಪುರದಲ್ಲಿ ಮನೆಗೆ ಅಂತ ತಗೊಂಡೆ. ಇದನ್ನೂ ಒಂಚೂರು ನೋಡಿಬಿಡಿ ಮೇಡಂ."

ಮನೆಬಳಕೆಯ ಬೆಲ್ಲ ಪರೀಕ್ಷಿಸಿದರೆ ನಿಯಮ ಮುರಿದಂತೆ, ಒಲ್ಲೆ ಎಂದರೆ ಸಾಹೇಬರ ಮುನಿಸು. ರಿಪೋರ್ಟಿಗೆ ಇನ್ನೂ ಸಹಿ ಬಿದ್ದಿಲ್ಲ. ಆದರೂ ಮೇಡಂ, "ಕ್ಷಮಿಸಿ ಸಾರ್, ಸಂಶೋಧನೆಗೆ ಮಾತ್ರ" ಅಂದೇಬಿಟ್ಟರು.

ಮುದುಕ ಬೆಲ್ಲವನ್ನು ಕೈಗೆ ತಗೊಂಡು ತಿರುಗಿಸಿ ನೋಡಿದ. "ಇದ್ಕೆ ಮಿಷಿನ್ ಯಾಕ್ ಬುಡಿ ಸ್ವಾಮಿ. ಅಚ್ಚು ನೋಡುದ್ರೆ ಗೊತ್ತಾಗಾಕಿಲ್ವಾ, ನಮ್ಮ ಆಲೆಮನೇದೇ. ಔಸ್ತಿ ಅದೆ!"

ಸಾಹೇಬರು ನಗು ತಡೆಯಲಾರದೆ, 'ಸಂಶೋಧನೆಗೆ ಮಾತ್ರ ಬಳಕೆ' ಎಂದು ಬರೆದು ಸಹಿ ಹಾಕಿದರು. ಬೆಲ್ಲವನ್ನು ಮೇಜಿನ ಮೇಲಿಟ್ಟು, "ಹಾಗಾದರೆ ಇದು ಮಾದರಿ, ಸಂಶೋಧನೆಗೇ ಇಟ್ಕೊಳ್ಳಿ" ಎಂದು ಹೊರಟರು.