ಲೋನಪ್ಪನವರ ಕಿವಿ, ಕಾಣೆಯಾದ ಕೇಬಲ್ಲು

"ಹಾಡೋದಕ್ಕೆ ತ್ರಿಶ್ಶೂರಿನ ಸ್ಟುಡಿಯೋಗೆ ಯಾಕೆ ಹೋಗ್ಬೇಕು? ಸ್ಟುಡಿಯೋ ನಮ್ಮ ಮನೇಲೇ ಇದೆ. ಈ ಲೋನಪ್ಪನ್ ಬದುಕಿರೋವರೆಗೆ ಅವನ ಹೆಂಡತಿ ಬೇರೆಯವರ ಮೈಕಿನ ಮುಂದೆ ಬಾಯಿ ತೆರೆಯಲ್ಲ."

ಇರಿಂಜಾಲಕುಡದ ಲೋನಪ್ಪನವರು ಬೇಯಿಸಿದ ಮರಗೆಣಸಿನ ಮೇಲೆ ಮೀನಿನ ಸಾರು ಸುರಿದುಕೊಳ್ಳುತ್ತಾ ಬುಧವಾರ ಬೆಳಿಗ್ಗೆ ಹೀಗೆ ಘೋಷಿಸಿದಾಗ, ಸೌಟು ಹಿಡಿದಿದ್ದ ರೋಸಿಲಿಯ ಕೈ ಅಲ್ಲೇ ನಿಂತಿತು. ಗಂಡ ಈ ದನಿಯಲ್ಲಿ ಮಾತಾಡಿದಾಗಲೆಲ್ಲ ಮನೆಯಲ್ಲಿ ಏನಾದರೊಂದು ಕೆಟ್ಟು ಕೂತದ್ದನ್ನು ಮೂವತ್ತು ವರ್ಷದಿಂದ ನೋಡಿದವರು ಅವರು.

"ಅಣ್ಣ ಕಾರು ತರ್ತೀನಿ ಅಂದಿದಾನೆ. ಅರ್ಧ ದಿನದ ಕೆಲಸ, ಹಾಡಿ ಬಂದ್ಬಿಡ್ತೀನಿ."

"ನಿನ್ನಣ್ಣನ ಕಾರಿಗಿಂತ ನನ್ನ ಕಿವಿ ವಾಸಿ."

ಈ ಕಿವಿಯ ವಿಷಯ ಹೇಳಲೇಬೇಕು. ಮೂವತ್ತೆರಡು ವರ್ಷ ಹೆಂಚಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದ ಲೋನಪ್ಪನವರು, ಸುಟ್ಟು ಬಂದ ಹೆಂಚನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು, ಬಂದ ಸದ್ದಿನಲ್ಲೇ ಬಿರುಕು ಇದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ನಿವೃತ್ತರಾದ ಮೇಲೆ ಬಡಿಯಲು ಹೆಂಚಿಲ್ಲದೆ ತೆಂಗಿನಕಾಯಿ, ಕಲ್ಲಂಗಡಿ, ಅಳಿಯನ ಹೆಲ್ಮೆಟ್ಟು ಎಲ್ಲವನ್ನೂ ಬಡಿದು ನೋಡಿದರು. ಆ ಚಡಪಡಿಕೆ ತಾಳಲಾರದೆ ದುಬೈಯಲ್ಲಿದ್ದ ತಮ್ಮನಿಂದ ಒಂದು ಮೈಕನ್ನೂ, ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸುವ ಒಂದು ಪುಟ್ಟ ಪೆಟ್ಟಿಗೆಯನ್ನೂ ತರಿಸಿಕೊಂಡು ನಡುಮನೆಯ ಮೂಲೆಯಲ್ಲಿ ಸ್ಟುಡಿಯೋ ತೆರೆದರು. ಗೋಡೆಗೆ ಮೊಟ್ಟೆಯ ರಟ್ಟಿನ ತಟ್ಟೆ ಅಂಟಿಸಿದರು, ಕಿಟಕಿಗೆ ಅತ್ತೆಯ ಹಳೆಯ ಹಾಸಿಗೆ ಕಟ್ಟಿದರು. ಅಲ್ಲಿ ಇದುವರೆಗೆ ರೆಕಾರ್ಡ್ ಆದದ್ದು ಎರಡೇ: ಒಂದು 'ಹಲೋ ಹಲೋ', ಇನ್ನೊಂದು ಅವರ ಕೆಮ್ಮು.

ಆದರೆ ಈ ಸಲದ್ದು ಕೆಮ್ಮಿನಷ್ಟು ಹಗುರವಾದ ವಿಷಯವಲ್ಲ. ಸುತ್ತಲಿನ ಇಗರ್ಜಿಗಳೆಲ್ಲ ಸೇರಿ ಭಕ್ತಿಗೀತೆಗಳ ಒಂದು ಸಂಪುಟ ತರುವವರಿದ್ದರು. ಒಂದೊಂದು ಇಗರ್ಜಿಯಿಂದ ಒಬ್ಬರೇ ಹಾಡಿದ ಒಂದು ಹಾಡು ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಹೋಗಬೇಕು; ಐವರು ಪಾದ್ರಿಗಳು ಕೇಳಿ, ಚೆನ್ನಾಗಿದ್ದರೆ ಆಯ್ಕೆ. ಐವತ್ತೈದು ತುಂಬಿದವರಿಗೆ ಅವಕಾಶವಿಲ್ಲ. ರೋಸಿಲಿಗೆ ಮುಂದಿನ ತಿಂಗಳು ಐವತ್ತೈದು ತುಂಬುತ್ತದೆ. ಇಪ್ಪತ್ತೇಳು ವರ್ಷ ಇಗರ್ಜಿಯ ಗಾಯಕವೃಂದದ ಹಿಂದಿನ ಸಾಲಿನಲ್ಲಿ ನಿಂತು, ಮೂವತ್ತು ದನಿಗಳ ನಡುವೆ ತನ್ನದನ್ನೂ ಸೇರಿಸಿ ಹಾಡಿದವರು. ಹೋದ ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿ ಲಿಜೋ ಅಚ್ಚನ್ ತಾವಾಗಿಯೇ, "ಈ ಸಲ ರೋಸಿಲಿ ಚೇಚಿ ಹಾಡಲಿ" ಎಂದಿದ್ದರು. ಅಂದಿನಿಂದ ಆಕೆ ಮೀನು ಉಜ್ಜುವಾಗಲೂ ಆ ಹಾಡನ್ನೇ ಗುನುಗುತ್ತಿದ್ದರು. ಏನೆಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದರು.

ಕೈ ತೊಳೆದು ಸ್ಟುಡಿಯೋಕ್ಕೆ ದಯಮಾಡಿಸಿದ ಲೋನಪ್ಪನವರಿಗೆ ಮೈಕು ಸಿಕ್ಕಿತು, ಪೆಟ್ಟಿಗೆ ಸಿಕ್ಕಿತು, ಎರಡನ್ನೂ ಜೋಡಿಸುವ ಕೇಬಲ್ಲು ಮಾತ್ರ ಸಿಗಲಿಲ್ಲ.

"ಮೈಕಿನ ಜೊತೆ ಬಂದಿದ್ದ ಕೇಬಲ್ ಯಾರು ತಗೊಂಡ್ರಿ? ಬಾಳೆಗೊನೆ ಕಟ್ಟೋಕೆ ತಗೊಂಡಿರ್ತೀಯ ನೀನು."

"ನನಗೆ ಹಗ್ಗಕ್ಕೆ ಬರ ಇಲ್ಲ," ಎಂದರು ರೋಸಿಲಿ. "ನೀವೇ ಎಲ್ಲೋ ಇಟ್ಟಿರ್ತೀರಿ."

ಲೋನಪ್ಪನವರು ಗೋಡೆಯ ಮೇಲಿದ್ದ ಯೇಸುವಿನ ಪವಿತ್ರ ಹೃದಯದ ಪಟದ ಕಡೆ ಕೈ ಚಾಚಿದರು. "ಇವನಾಣೆ. ಆ ಕೇಬಲ್ಲನ್ನ ನಾನು ಮುಟ್ಟಿಲ್ಲ."

ಪಟದ ಕೆಳಗೆ ಚಾಪೆ ಹಾಸಿ ಜಪಮಾಲೆ ಎಣಿಸುತ್ತಿದ್ದ ಅತ್ತೆ ಕೊಚ್ಚುತ್ರೇಸ್ಯ ಕಣ್ಣು ತೆರೆದರು. ಎಂಬತ್ತೆರಡರ ಮುದುಕಿ, ಅಳಿಯನನ್ನೂ ಮಗನೆಂದೇ 'ಮೋನೇ' ಎಂದು ಕರೆಯುವವರು. "ಆಣೆ ಗೀಣೆ ಯಾಕೆ ಮೋನೇ? ಕಳೆದದ್ದನ್ನ ಹುಡುಕಿಕೊಡೋಕೆ ಸಂತ ಅಂತೋನಿ ಇಲ್ವಾ? ಒಂದು ಮೊಳದ ಮೇಣದಬತ್ತಿ ಹರಕೆ ಹೊತ್ಕೋತೀನಿ."

"ಅಮ್ಮಚ್ಚಿ, ನಿಮ್ಮ ಅಂತೋನಿಗಿಂತ ಮುಂಚೆ ನಾನು ಅಂಗಡಿಗೆ ಹೋಗಿ ಬಂದಿರ್ತೀನಿ."

ಹೋಗಿಯೂ ಬಂದರು. ಎಷ್ಟು ಸಲ ಎನ್ನುವುದೇ ಕಥೆ.

ಪೇಟೆಯಲ್ಲಿ ಸೌಂಡ್ ಸಾಮಾನಿನ ಅಂಗಡಿ ಇಟ್ಟ ಡೇವಿಸ್ ಬಾಯಿ ತೆರೆಯುವ ಮೊದಲೇ ಲೋನಪ್ಪನವರು ಗೂಟದಲ್ಲಿ ನೇತಾಡುತ್ತಿದ್ದ ಚಂದದ ಒಂದು ಕೆಂಪು ಕೇಬಲ್ಲನ್ನು ಇಳಿಸಿ ಬೆರಳಿನಿಂದ ಬಡಿದು ನೋಡಿದರು.

"ಲೋನಪ್ಪೇಟ್ಟಾ, ಅದು ಗಿಟಾರಿಗೆ ಹಾಕೋದು."

"ಸದ್ದು ಅಂದ್ರೆ ಸದ್ದು ಕಣಯ್ಯ. ಗಿಟಾರಿಂದಾದರೇನು, ರೋಸಿಲಿಯದ್ದಾದರೇನು."

ಮನೆಗೆ ಬಂದು ನೋಡಿದರೆ ಕೇಬಲ್ಲಿನ ತುದಿಯಲ್ಲಿ ಒಂದೇ ಮೊಳೆ, ಮೈಕಿನ ಬುಡದಲ್ಲಿ ಮೂರು ಕಡ್ಡಿ. ಹೊಂದಾಣಿಕೆ ಸಾಧ್ಯವೇ ಇರಲಿಲ್ಲ. ಅರ್ಧ ಗಂಟೆ ಒತ್ತಿ ನೋಡಿ, ಅದೇ ಬಸ್ಸು ಹಿಡಿದು ವಾಪಸು ಹೋದರು.

ಡೇವಿಸ್ ತಾಳ್ಮೆಯ ಮನುಷ್ಯ. ಮೂರು ಕಡ್ಡಿಯ ಕೇಬಲ್ಲನ್ನು ಕೈಗಿಟ್ಟು ವಿವರಿಸಿದ: "ಇದರೊಳಗೆ ಎರಡು ತಂತಿ ಓಡುತ್ತೆ. ಒಂದು ಹೇಳಿದ್ದನ್ನೇ ಇನ್ನೊಂದು ಉಲ್ಟಾ ಹೇಳುತ್ತೆ. ದಾರೀಲಿ ಸೇರ್ಕೊಂಡ ಗಲಾಟೆ ಎರಡೂ ಸೇರೋ ಜಾಗದಲ್ಲಿ ಸತ್ತುಹೋಗುತ್ತೆ, ಹಾಡು ಮಾತ್ರ ಉಳಿಯುತ್ತೆ."

"ಗಂಡ ಹೆಂಡತಿ ಇದ್ದ ಹಾಗೆ."

"ಹೂಂ. ಆದರೆ ಇದರಲ್ಲಿ ಗಲಾಟೆ ಕಡಿಮೆ ಆಗುತ್ತೆ."

ಈ ಸಲ ಕೇಬಲ್ಲು ಮೈಕಿಗೂ ಕೂತಿತು, ಪೆಟ್ಟಿಗೆಗೂ ಕೂತಿತು. ರೋಸಿಲಿ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತು ಮೊದಲ ಸಾಲು ಹಾಡಿದರು. ಹೆಡ್‌ಫೋನ್ ಹಾಕಿಕೊಂಡಿದ್ದ ಲೋನಪ್ಪನವರು ಕೈ ಎತ್ತಿದರು. "ನಿಲ್ಲು. ಗುಂಯ್ ಅಂತಿದೆ."

"ನಾನಾ?"

"ಕೇಬಲ್ಲು. ಬಿರುಕು ಬಿಟ್ಟಿದೆ."

ಬಿರುಕು ಬಿಟ್ಟ ಕೇಬಲ್ಲನ್ನು ಲೋಕದಲ್ಲಿ ಯಾರೂ ಕಂಡಿರಲಾರರು, ಆದರೆ ಹೆಂಚಿನ ಕಿವಿಗೆ ಗೊತ್ತಿದ್ದ ರೋಗ ಅದೊಂದೇ. ಗುರುವಾರ ಹೆಬ್ಬಾವಿನಷ್ಟು ದಪ್ಪದ ಕೇಬಲ್ಲು ಬಂತು. ಗುಂಯ್. ಮಧ್ಯಾಹ್ನ ಅದಕ್ಕಿಂತ ಗಿಡ್ಡದೊಂದು ಬಂತು. ಗುಂಯ್. ಶುಕ್ರವಾರ ತುದಿಗೆ ಚಿನ್ನದ ನೀರು ಕುಡಿಸಿದ ಕೇಬಲ್ಲೊಂದು ಮಖಮಲ್ಲಿನ ಚೀಲದಲ್ಲಿ ಮದುಮಗಳ ಹಾಗೆ ಮನೆಗೆ ಬಂತು. ಅದನ್ನು ಜೋಡಿಸಿದ ಮೇಲೆ ಗುಂಯ್ ಎನ್ನುವುದು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಬಸ್ಸಿನ ಕಂಡಕ್ಟರು ಟಿಕೆಟ್ ಕೊಡುವ ಮೊದಲೇ, "ಕೇಬಲ್ಲಾ?" ಎಂದು ಕೇಳತೊಡಗಿದ್ದ.

ಅಷ್ಟರಲ್ಲಿ ರೋಸಿಲಿ ಮೊದಲ ಸಾಲನ್ನು ಹತ್ತೊಂಬತ್ತು ಸಲ ಹಾಡಿದ್ದರು. ಎರಡನೆಯ ಸಾಲಿಗೆ ಒಮ್ಮೆಯೂ ಹೋಗಿರಲಿಲ್ಲ. ಗಂಟಲಿಗೆಂದು ಮೆಣಸಿನ ಕಾಫಿ ಕುಡಿದು ಕುಡಿದು ಕಣ್ಣು ಕೆಂಪಾಗಿತ್ತು. ಸಂಜೆ ಅಣ್ಣ ಫೋನು ಮಾಡಿ, "ಈಗಲಾದರೂ ಕಾರು ತರಲಾ?" ಎಂದು ಕೇಳಿದ. ಲೋನಪ್ಪನವರೇ ಫೋನು ಕಸಿದುಕೊಂಡು, "ಬೇಡ, ಇಲ್ಲಿ ಎಲ್ಲ ಮುಗೀತಾ ಬಂತು," ಎಂದರು.

ಫೋನು ಇಟ್ಟ ಮೇಲೆ ರೋಸಿಲಿ ಜಗಳ ಮಾಡಲಿಲ್ಲ. "ಬಿಡಿ. ಹಿಂದಿನ ಸಾಲು ಇದ್ದೇ ಇದೆ," ಎಂದು ಒಳಗೆ ಹೋದರು. ಲೋನಪ್ಪನವರಿಗೆ ಜಗಳವೇ ಎಷ್ಟೋ ವಾಸಿ ಎನ್ನಿಸಿತು. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ.

ಶನಿವಾರ ಹನ್ನೊಂದು ಗಂಟೆ. ಇನ್ನು ಅಂಗಡಿಗೆ ಹೋಗಿ ಬರಲು ಹೊತ್ತಿಲ್ಲ. ಡೇವಿಸ್‌ಗೆ ಫೋನು ಮಾಡಿದರು.

"ಲೋನಪ್ಪೇಟ್ಟಾ, ಕೇಬಲ್ಲು ಬಿಟ್ಟಾಕಿ. ನಿಮ್ಮ ಮನೇಲಿ ಏನೋ ಒಂದು ಕರೆಂಟಿಗೆ ಕೊಳೆ ಸೇರಿಸ್ತಾ ಇದೆ. ಲ್ಯಾಪ್‌ಟಾಪ್ ಒಂದು ಬಿಟ್ಟು ಉಳಿದದ್ದೆಲ್ಲ ಆರಿಸಿ ನೋಡಿ. ಎಲ್ಲಾ ಅಂದ್ರೆ ಎಲ್ಲಾ."

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದ್ದರಿಂದ ಅದರ ಚಾರ್ಜರು ಮಾತ್ರ ಉಳಿಯಿತು. ಮಿಕ್ಕವುಗಳ ಮೇಲೆ ಲೋನಪ್ಪನವರು ದಂಡೆತ್ತಿ ಹೋದರು. ಫ್ರಿಜ್ಜು ಆರಿತು, ಒಳಗಿದ್ದ ಬಂಗುಡೆಗಳ ಭವಿಷ್ಯ ದೇವರಿಗೆ ಬಿಟ್ಟದ್ದಾಯಿತು. ಟಿವಿ, ಮಿಕ್ಸಿ, ನೀರಿನ ಪಂಪು, ಬಾಗಿಲ ಗಂಟೆ, ಅಮ್ಮಚ್ಚಿಯ ಸೊಳ್ಳೆ ಬ್ಯಾಟು, ಕೊನೆಗೆ ಫ್ಯಾನು. ಮೂವರೂ ಬೆವರುತ್ತಾ ನಡುಮನೆಯಲ್ಲಿ ನಿಂತರು. ಲೋನಪ್ಪನವರು ರೆಕಾರ್ಡ್ ಗುಂಡಿ ಒತ್ತಿ ಹೆಡ್‌ಫೋನ್ ಹಾಕಿಕೊಂಡರು.

ಗುಂಯ್.

ಅವರ ತಾಳ್ಮೆಯ ಕಟ್ಟೆ ಒಡೆಯಿತು. ಹೆಡ್‌ಫೋನ್ ಕಿತ್ತು ಎಸೆದರು. "ಇದೇ ಗುಂಯ್ ಜೊತೆಗೇ ಕಳಿಸೋಣ. ಆ ಪಾದ್ರಿಗಳಿಗೆ ಕಿವಿ ಎಲ್ಲಿದೆ? ಗುಂಯ್ ಅಂದ್ರೂ ತಂಬೂರಿ ಅಂದ್ಕೋತಾರೆ."

"ಬಾಯಿ ಅಳತೇಲಿರಲಿ. ಎಲ್ಲಾನೂ ಆರಿಸಿದ್ರಾ?"

"ಎಲ್ಲಾನೂ." ಲೋನಪ್ಪನವರು ಪಟದ ಕಡೆ ಕೈ ಚಾಚಿದರು. "ಇವನಾಣೆ. ಈ ಮನೇಲಿ ಈಗ ಒಂದು ಮಿಣುಕುಹುಳದಷ್ಟು ಬೆಳಕೂ ಉರೀತಾ ಇಲ್ಲ."

ಚಾಪೆಯ ಮೇಲಿಂದ ಅಮ್ಮಚ್ಚಿ ತಲೆ ಎತ್ತಿ, ಅಳಿಯನ ಬೆರಳು ತೋರಿಸಿದ ಕಡೆ ನೋಡಿದರು. "ಹಾಗಾದ್ರೆ ಮೋನೇ, ಅವನ ಮುಂದೆ ಉರೀತಾ ಇರೋದು ಪಕ್ಕದ ಮನೆ ಕರೆಂಟಾ?"

ಮೂವರೂ ನೋಡಿದರು. ಪಟದ ಮುಂದೆ ಕೆಂಪು ಬಲ್ಬು ಎಂದಿನ ಹಾಗೆ ಉರಿಯುತ್ತಿತ್ತು. ಸುತ್ತಲೂ ಹೋದ ಕ್ರಿಸ್ಮಸ್ಸಿಗೆ ಲೋನಪ್ಪನವರೇ ಕಟ್ಟಿದ ಮಿಣುಕು ದೀಪದ ಸರ ಹಸಿರಾಗಿ, ನೀಲಿಯಾಗಿ, ಮತ್ತೆ ಹಸಿರಾಗಿ ಓಡುತ್ತಿತ್ತು. ಗೃಹಪ್ರವೇಶದ ದಿನ ಪಾದ್ರಿ ಮಂತ್ರಿಸಿ ಹಚ್ಚಿದ ಆ ಬೆಳಕು ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರ ಕೈಯಿಂದಲೂ ಆರಿರಲಿಲ್ಲ. ಅದಕ್ಕೂ ಕರೆಂಟು ಬೇಕೆನ್ನುವುದು ಆ ಮನೆಯಲ್ಲಿ ಯಾರಿಗೂ ಹೊಳೆದದ್ದೇ ಇಲ್ಲ. ಮರೆತು ಕೂಡ ಯಾರೂ ಆರಿಸದಿರಲೆಂದು ಲೋನಪ್ಪನವರು ಅದಕ್ಕೆ ಸ್ವಿಚ್ಚನ್ನೇ ಇಟ್ಟಿರಲಿಲ್ಲ.

"ಅದನ್ನ ಆರಿಸೋದು ಹೇಗೆ?" ಎಂದರು ರೋಸಿಲಿ, ದನಿ ತಗ್ಗಿಸಿ.

"ತಾಳಿ," ಎಂದು ಅಮ್ಮಚ್ಚಿ ಎದ್ದು, ತಮ್ಮ ಟ್ರಂಕಿನಿಂದ ಒಂದು ಮೊಳದ ಮೇಣದಬತ್ತಿ ತಂದರು. ಅದು ಸಂತ ಅಂತೋನಿಗೆಂದು ತಂದಿಟ್ಟದ್ದು. ಪಟದ ಮುಂದೆ ಅದನ್ನು ಹಚ್ಚಿ ನಿಲ್ಲಿಸಿ, "ಈಗ ತೆಗಿ. ಅವನು ಕತ್ತಲಲ್ಲಿ ಇರೋದು ಬೇಡ," ಎಂದರು.

ಲೋನಪ್ಪನವರು ಸ್ಟೂಲು ಹತ್ತಿ ಪಟದ ಹಿಂದೆ ಕೈ ಹಾಕಿ ಪ್ಲಗ್ಗನ್ನು ಕಿತ್ತರು. ಕೆಳಗೆ ಬಿದ್ದಿದ್ದ ಹೆಡ್‌ಫೋನನ್ನು ರೋಸಿಲಿ ಕಿವಿಗಿಟ್ಟುಕೊಂಡು, "ನಿಂತಿತು," ಎಂದರು. "ಗುಂಯ್ ನಿಂತಿತು ಕಣ್ರೀ."

ಸ್ಟೂಲಿನ ಮೇಲೆಯೇ ನಿಂತು ಲೋನಪ್ಪನವರು ಪ್ಲಗ್ಗಿನ ಜೊತೆ ಈಚೆಗೆ ಬಂದ ಕಪ್ಪು ವೈರನ್ನೇ ನೋಡುತ್ತಿದ್ದರು. ಅದರ ಮೈಮೇಲೆ ಹಳದಿ ಅಕ್ಷರದಲ್ಲಿ ಮೈಕಿನ ಕಂಪನಿಯ ಹೆಸರು ಅಚ್ಚಾಗಿತ್ತು.

"ಏನದು?"

"ಏನಿಲ್ಲ."

"ಏನಿಲ್ಲ ಅನ್ನೋದು ನನ್ನ ಮಾತು. ಕೆಳಗೆ ತನ್ನಿ."

ತರಬೇಕಾಯಿತು. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಕ್ಯಾರೊಲ್ ಹಾಡುವವರು ಗೇಟಿಗೆ ಬಂದಾಗಿತ್ತು, ಮಿಣುಕು ದೀಪಕ್ಕೆ ವೈರು ಸಾಲದೆ ಹೋಗಿತ್ತು, ಕೈಗೆ ಸಿಕ್ಕ ಒಂದನ್ನು ಬಂಗುಡೆಯ ಹಾಗೆ ತಲೆ ಬಾಲ ಕತ್ತರಿಸಿ ಜೋಡಿಸಿದ್ದಾಗಿತ್ತು. ಲೋನಪ್ಪನವರು ಇದನ್ನೆಲ್ಲ ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿ ಮುಗಿಸಿದರು.

"ಬಾಳೆಗೊನೆ ಕಟ್ಟೋಕೆ ನಾನು ತಗೊಂಡಿದ್ದೆ ಅಲ್ವಾ?" ಎಂದರು ರೋಸಿಲಿ.

"ಸಿಕ್ಕಿತಲ್ಲ," ಎಂದರು ಅಮ್ಮಚ್ಚಿ, ಉರಿಯುತ್ತಿದ್ದ ಮೇಣದಬತ್ತಿಯ ಕಡೆ ತೃಪ್ತಿಯಿಂದ ನೋಡುತ್ತಾ. "ಅಂತೋನಿ ಕೈ ಬಿಡಲ್ಲ."

ಹನ್ನೊಂದು ನಲವತ್ತಾಗಿತ್ತು. ರೋಸಿಲಿ ಕಣ್ಣು ಮುಚ್ಚಿ ಮೊದಲ ಸಾಲು ಹಾಡಿದರು. ಲೋನಪ್ಪನವರ ಕೈ ಮೇಲೇಳಲಿಲ್ಲ. ಎರಡನೆಯ ಸಾಲು, ಮೂರನೆಯದು. ಇಪ್ಪತ್ತೇಳು ವರ್ಷ ಇಗರ್ಜಿಯಲ್ಲಿ ಮೂವತ್ತು ದನಿಗಳ ಜೊತೆ ಕಲಸಿ ಕೇಳಿದ್ದ ದನಿಯನ್ನು ಅವರು ಮೊದಲ ಸಾಲು ದಾಟಿ ಬಿಡಿಯಾಗಿ ಕೇಳಿದ್ದು ಇದೇ ಮೊದಲು. ಮೆಣಸಿನ ಕಾಫಿಯಿಂದ ಸ್ವಲ್ಪ ಒರಟಾಗಿತ್ತು. ಅದೂ ಚೆನ್ನಾಗಿಯೇ ಇತ್ತು. ಇಂಥ ದನಿ ಮನೆಯಲ್ಲಿದ್ದೂ ತಾನು ತೆಂಗಿನಕಾಯಿ ಬಡಿಯುತ್ತಾ ಕೂತಿದ್ದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು, ಕಣ್ಣು ತುಂಬಿ ಬಂತು. ಹಾಡು ಮುಗಿದಾಗ ಹನ್ನೆರಡಕ್ಕೆ ಹದಿಮೂರು ನಿಮಿಷವಿತ್ತು. ಹಿಂದೆ ಮುಂದೆ ನೋಡದೆ ಇದ್ದದ್ದನ್ನು ಇದ್ದ ಹಾಗೆ ಕಳಿಸಿದರು. ಅದು ಹೋಗಿ ಮುಟ್ಟಿದಾಗ ಇನ್ನು ಎರಡೇ ನಿಮಿಷ ಉಳಿದಿತ್ತು.

ಮಂಗಳವಾರ ಲಿಜೋ ಅಚ್ಚನ್ ಫೋನು ಮಾಡಿದರು. ಮೂವರೂ ಕೇಳಲೆಂದು ಲೋನಪ್ಪನವರು ಸ್ಪೀಕರ್ ಹಾಕಿದರು.

"ರೋಸಿಲಿ ಚೇಚಿಯ ಹಾಡು ಆಯ್ಕೆಯಾಗಿದೆ. ಸಂಪುಟದ ಮೊದಲ ಹಾಡು ಇವರದ್ದೇ ಅಂತ ನಾವು ಐದು ಜನ ಪಾದ್ರಿಗಳೂ ಒಪ್ಪಿದ್ವಿ."

ರೋಸಿಲಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟರು. ಲೋನಪ್ಪನವರ ಎದೆ ಉಬ್ಬಿತು. "ಎಲ್ಲ ಈ ಕಿವಿಯ ಪುಣ್ಯ, ಅಚ್ಚೋ. ರೆಕಾರ್ಡಿಂಗ್ ಹೇಗಿದೆ?"

"ಚೊಕ್ಕವಾಗಿದೆ. ಆದ್ರೆ ಹಾಡು ಶುರುವಾಗೋದು ಹನ್ನೆರಡನೇ ನಿಮಿಷಕ್ಕೆ. ಅದಕ್ಕಿಂತ ಮುಂಚಿನದ್ದನ್ನ ನಾವು ಎರಡು ಸಲ ಕೇಳಿದ್ವಿ."

ಲೋನಪ್ಪನವರಿಗೆ ಆ ರೆಕಾರ್ಡ್ ಗುಂಡಿ ನೆನಪಾಯಿತು. ಅದನ್ನು ಒತ್ತಿದ್ದು ನೆನಪಿತ್ತು. ನಿಲ್ಲಿಸಿದ್ದು ನೆನಪಿರಲಿಲ್ಲ.

"ಪಾದ್ರಿಗಳಿಗೆ ಕಿವಿ ಎಲ್ಲಿದೆ ಅಂತ ಕೇಳಿದ್ರಲ್ಲ ಲೋನಪ್ಪೇಟ್ಟಾ. ಶನಿವಾರ ನಾಲ್ಕು ಗಂಟೆಗೆ ಬನ್ನಿ, ತೋರಿಸ್ತೀನಿ. ಪಾಪನಿವೇದನೆಯ ಗೂಡಲ್ಲಿ ಜಾಲರಿಯ ಆಚೆ ನನ್ನ ಕಿವಿ ಇರುತ್ತೆ. ಪಟದ ಮೇಲೆ ಇಟ್ಟ ಆಣೆಯ ವಿಷಯವನ್ನೂ ಅಲ್ಲೇ ಮಾತಾಡೋಣ."

ಫೋನು ಕಟ್ಟಾಯಿತು. ಲೋನಪ್ಪನವರು ಬೆವರು ಒರೆಸಿಕೊಂಡರು. ಚಾಪೆಯ ಮೇಲೆ ಅಮ್ಮಚ್ಚಿ ಜಪಮಾಲೆಯ ಒಂದು ಮಣಿ ಸರಿಸಿ, ಕಣ್ಣು ತೆರೆಯದೆಯೇ ಹೇಳಿದರು:

"ಒಂದಲ್ಲ ಮೋನೇ, ಎರಡು ಆಣೆ. ಬುಧವಾರದ್ದು ರೆಕಾರ್ಡ್ ಆಗಿಲ್ಲ. ಅದನ್ನ ನೀನೇ ಬಾಯಿಬಿಟ್ಟು ಹೇಳ್ಬೇಕು."